ಸುಂಕದ ಮನೆಯಲ್ಲಿ ಕಾರಿಲ್ಲದೆ

ಸುಂಕದ ಮನೆಯ ಒಡತಿಯವರಿಗೆ ನಮಸ್ಕಾರ.

ಬೀಗದ ಕೈಯನ್ನು ಹಾಲಿನ ವ್ಯಾನಿನವನ ಹತ್ತಿರ ಕೊಟ್ಟಿದ್ದೇನೆ. ಮನೆ ನೀವು ಹೇಳಿದಂತೆಯೇ ಇತ್ತು: ಇನ್ನೂರು ವರ್ಷದ ಕಲ್ಲಿನ ಗೋಡೆ, ಗಾಡಿಗಳನ್ನು ತಡೆದು ಸುಂಕ ಎತ್ತುತ್ತಿದ್ದ ಕಿಟಕಿ, ಸುತ್ತಮುತ್ತ ಒಂದು ಅಂಗಡಿಯೂ ಇಲ್ಲ.

ಕಾರಿಲ್ಲದೆ ಅಲ್ಲಿ ಕಷ್ಟ ಎಂದು ನೀವು ಎಚ್ಚರಿಸಿದ್ದಿರಿ. ನಾನು ಆ ಕಷ್ಟವನ್ನೇ ಮುಂದೆ ಮಾಡಿ ಬಾಡಿಗೆ ಇಳಿಸಿಕೊಂಡೆ. ನನಗೆ ಬೇಕಾಗಿದ್ದದ್ದೂ ಅದೇ. ತಮ್ಮನ ಕುಡಿತ ಬಿಡಿಸಬೇಕಿತ್ತು. ನಡೆದು ಹೋದರೆ ಹೆಂಡದಂಗಡಿ ಸಿಗದ ಜಾಗ ಹುಡುಕುತ್ತಿದ್ದೆ. ಬಂದ ದಿನವೇ ಅವನಿಗೆ ಗೊತ್ತಾಯಿತು. "ಅಣ್ಣಾ, ಜೈಲಿಗೂ ಚೌಕಾಸಿ ಮಾಡಿದ್ಯಲ್ಲ!" ಎಂದು ನಕ್ಕ.

ಮೂರನೆಯ ದಿನ ಅವನ ಕೈ ನಡುಗತೊಡಗಿತು. ವಿಷ ಇಳಿಯುತ್ತಿದೆ, ಒಳ್ಳೆಯದೇ ಅಂದುಕೊಂಡೆ. ಸಂಜೆಗೆ ಫಿಟ್ಸ್ ಬಂತು, ಬಿಟ್ಟು ಬಿಟ್ಟು ಬಂತು. ಫೋನಿಗೆ ಸಿಗ್ನಲ್ ಇಲ್ಲ, ಅವನನ್ನು ಬಿಟ್ಟು ಓಡುವ ಹಾಗೂ ಇಲ್ಲ. ಬೆಳಗಾಗುವ ಹೊತ್ತಿಗೆ ತಣ್ಣಗಾಗಿದ್ದ. ರಸ್ತೆಯಲ್ಲಿ ಬಂದ ಹಾಲಿನ ವ್ಯಾನನ್ನು ನಿಲ್ಲಿಸಿ, ಆಸ್ಪತ್ರೆಗೆ ಒಯ್ಯಬೇಕು ಎಂದೆ. ಹಾಲಿನವನು ಬಾಗಿಲಲ್ಲಿ ನಿಂತು, "ಕೂತ್ಕೋತಾರಾ, ಮಲಗಿಸ್ಬೇಕಾ?" ಅಂದ. ನನ್ನ ಮುಖ ನೋಡಿ, ತಾನೇ ಹೋಗಿ ಕ್ಯಾನುಗಳನ್ನು ಕೆಳಗಿಳಿಸಿ ವ್ಯಾನಿನಲ್ಲಿ ಜಾಗ ಮಾಡಿದ.

ಇಷ್ಟು ಹಳೆಯ ಕುಡಿತವನ್ನು ಔಷಧಿಯಿಲ್ಲದೆ ಒಮ್ಮೆಲೇ ನಿಲ್ಲಿಸಬಾರದಿತ್ತು ಎಂದು ಆಸ್ಪತ್ರೆಯ ಡಾಕ್ಟರು ಹೇಳಿದರು.

ನಿಮ್ಮ ಉಣ್ಣೆಯ ಹೊದಿಕೆ ಅವನ ಜೊತೆಗೇ ಹೋಯಿತು. ಅದರ ಬೆಲೆಯನ್ನು ಮುಂಗಡದಲ್ಲಿ ಮುರಿದುಕೊಳ್ಳಿ, ನಾನು ಚೌಕಾಸಿ ಮಾಡುವುದಿಲ್ಲ.

ಒಂದು ಉಪಕಾರವಾಗಬೇಕು. ಭಾನುವಾರ ಅವನ ಹೆಂಡತಿ ನಿಮ್ಮ ನಂಬರಿಗೆ ಫೋನ್ ಮಾಡುತ್ತಾಳೆ; ಆ ಮನೆಯಲ್ಲಿ ಫೋನ್ ಸಿಗದೆಂದು ಅವಳಿಗೆ ನಿಮ್ಮ ನಂಬರನ್ನೇ ಕೊಟ್ಟಿದ್ದೆ. ದಯವಿಟ್ಟು ಎತ್ತಬೇಡಿ. ನಾನೇ ಹೋಗಿ ಹೇಳುತ್ತೇನೆ. ಕೊನೆಯವರೆಗೂ ಅವನು ಒಂದು ಹನಿ ಮುಟ್ಟಲಿಲ್ಲ ಅನ್ನುವುದನ್ನು ಅವಳು ಮೊದಲು ಕೇಳಬೇಕು.

ಇಂತಿ,
ನಿಮ್ಮ ಬಾಡಿಗೆದಾರ