ಕಂಬಿಗೆ ಕಟ್ಟಿದ ಏಪ್ರನ್

ವಿಯೆನ್ನಾ, ಮಂಗಳವಾರ

ಅಣ್ಣ ಲಿಯೊಪೋಲ್ಡ್,

ನಾನು ಬದುಕಿದ್ದೇನೆ, ಉಪವಾಸವೂ ಇಲ್ಲ. ಮನೆಯಿಂದ ತಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಇನ್ನೂ ಇವೆ. ನೀರು ಬೀದಿ ನಲ್ಲಿಯದು, ನಿದ್ದೆ ಹಾಸ್ಟೆಲಿನ ಅಟ್ಟದ ಮಂಚದಲ್ಲಿ.

"ಆ ಊರಲ್ಲಿ ನಿಂತ್ಕೊಳ್ಳೋಕೂ ದುಡ್ಡು ಕೇಳ್ತಾರೆ ಕಣೇ, ಅಡುಗೆಯವಳಿಗೆ ಒಪೆರಾ ಯಾಕೆ?" ಎಂದೆಯಲ್ಲ, ನಿಜವೇ. ಒಪೆರಾದಲ್ಲಿ ನಿಲ್ಲುವವರಿಗೂ ಟಿಕೆಟ್ ಇದೆ. ನಾನು ಕೊಂಡದ್ದು ಅದನ್ನೇ.

ನಿಲ್ಲುವ ಜಾಗದ ಮುಂದಿರುವ ಕಂಬಿಗೆ ಶಾಲು ಕಟ್ಟಿಬಿಟ್ಟರೆ ಆ ಜಾಗ ನಮ್ಮದಾಗುತ್ತದೆ, ಯಾರೂ ಮುಟ್ಟುವಂತಿಲ್ಲ. ಪಕ್ಕದ ಅಜ್ಜಿ ಹೇಳಿಕೊಟ್ಟರು. ನನ್ನ ಬಳಿ ಶಾಲು ಇರಲಿಲ್ಲ. ಇದ್ದದ್ದು ಮೊಟ್ಟೆ ಸುತ್ತಿ ತಂದಿದ್ದ ನಿನ್ನ ಹೋಟೆಲಿನ ಏಪ್ರನ್. ಅದನ್ನೇ ಬಿಗಿದೆ.

ಹಿಂದಿದ್ದ ಕೋಟಿನವನೊಬ್ಬ ನಕ್ಕ. "ಏನಮ್ಮಾ, ಅಡುಗೆಮನೆಯಿಂದ ಸೀದಾ ಬಂದ್ರಾ?"

"ಹೂಂ, ಸೀದಾ. ಧೈರ್ಯ ಇದ್ರೆ ಗಂಟು ಬಿಚ್ಚಿ ನೋಡಿ" ಎಂದೆ. ಅಜ್ಜಿ ಕಿಸಕ್ಕನೆ ನಕ್ಕರು.

ಒಪೆರಾ ಅರ್ಧ ಮುಗಿಯುವಷ್ಟರಲ್ಲಿ ಆ ಕೋಟಿನವನು ಕಾಲು ಹಿಡಿದುಕೊಂಡು ನೆಲಕ್ಕೆ ಕುಳಿತ. ನಾನು ಕೂರುತ್ತೇನೆಯೇ? ನಿನ್ನ ಒಲೆಯ ಮುಂದೆ ನಿಂತು ನಿಂತು ಪಳಗಿದ ಕಾಲುಗಳಿವು. ಕೊನೆಗೆ ನಾಯಕಿ ಹಾಡುತ್ತಲೇ ಸತ್ತಾಗ ಅತ್ತುಬಿಟ್ಟೆ. ಅತ್ತಿಗೆಗೆ ಹೇಳು, ಈರುಳ್ಳಿಯಿಲ್ಲದೆ ಅತ್ತೆ.

ನಾಳೆಯೇ ವಾಪಸ್ ಬಾ ಎಂದು ನೀನು ಹೇಳಿದ್ದೆ. ಬರುವುದಿಲ್ಲ, ಭಾನುವಾರದವರೆಗೂ ಇಲ್ಲೇ. ಶನಿವಾರ ಹೋಟೆಲಿನಲ್ಲಿರುವ ಮದುವೆ ಊಟಕ್ಕೆ ಮಾಂಸದ ಸಾರು ನೀನೇ ಇಡು. ಉಪ್ಪು ಕೊನೆಗೆ ಹಾಕು, ಕುದಿಯುವಾಗ ಒಲೆಯ ಮುಂದಿನಿಂದ ಅಲುಗಾಡಬೇಡ. ಕಾಲು ನೋಯುತ್ತದೆ, ನೋಯಲಿ.

ಏಪ್ರನ್ ಹುಡುಕಬೇಡ. ಅದಕ್ಕೆ ದಿನಾ ಸಂಜೆ ಇಲ್ಲಿ ಕೆಲಸವಿದೆ.

ಕಾಲು ಗಟ್ಟಿಯಿರುವ ನಿನ್ನ ತಂಗಿ,
ಹೆರ್ಮಿನೆ