ಅಬ್ಬಾನ ಮೂರು ಗೇರಿನ ಸೈಕಲ್ಲು

ಬಸವನ ಬಾಗೇವಾಡಿ
೧೪ ಫೆಬ್ರವರಿ ೧೯೫೯, ಶನಿವಾರ

ಪ್ರೀತಿಯ ತಮ್ಮ ದಸ್ತಗೀರನಿಗೆ,

ಅಣ್ಣ ನಬಿಸಾಬನ ಸಲಾಮು. ನಿನ್ನ ಪತ್ರ ಬಂದು ಬಹಳ ದಿನವಾಯಿತು. ಮದುವೆ ಹಂಗಾಮು, ಹೊಲಿಗೆ ಜಾಸ್ತಿ ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಮನಸ್ಸಾಗಲಿಲ್ಲ. ಯಂಕಂಚಿಯಲ್ಲಿ ಮಾಸ್ತರನಾದ ಮೇಲೆ ನೀನು ಅಣ್ಣನಿಗೂ ಛಡಿ ತೋರಿಸಲು ಕಲಿತಿದ್ದೀಯ. "ಅಣ್ಣಾ, ಅಬ್ಬಾನ ಸೈಕಲ್ಲಿನ ಗೇರ ಕಿತ್ತಿ ಒಗದ್ಯಂತಲ್ಲ, ನಿನಗ ಬುದ್ಧಿ ಐತೇನು?" ಎಂದು ಬರೆದಿದ್ದೀಯ. ಬೈಸಿಕೊಳ್ಳಲು ನನಗೆ ಬೇಸರವಿಲ್ಲ. ಮನೆಯಲ್ಲಿ ಈಗ ಬೈಯುವವರೂ ಇಲ್ಲ. ನಿನ್ನ ಭಾಬಿ ಸುಲ್ತಾನಬಿ ಮಾತೇ ಬಿಟ್ಟಿದ್ದಾಳೆ. ಮಾತಾಡಿದರೆ ಆ ಸೈಕಲ್ಲಿನ ಮುಂದೆ ಕುಳಿತು ಮಾತಾಡುತ್ತಾಳೆ.

ಅಬ್ಬಾ ಅದನ್ನು ಸೊಲ್ಲಾಪುರದಿಂದ ತಂದ ದಿನ ನನಗೂ ನೆನಪಿದೆ. ಮೂರು ಗೇರಿನ ವಿಲಾಯ್ತಿ ಸೈಕಲ್ಲು ನೋಡಲು ಓಣಿಯೆಲ್ಲ ಸೇರಿತ್ತು. ಅಬ್ಬಾ ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂತು, ನನ್ನಿಂದ ಮಗ ಇಸಾಕನ ಪಾಲಿಗೆ. ಚಿಕ್ಕಂದಿನ ಜ್ವರಕ್ಕೆ ಸಣಕಲಾದ ಎಡಗಾಲಿನಿಂದ ಅವನು ಬೇರೆ ಯಾವ ಸೈಕಲ್ಲನ್ನೂ ತುಳಿಯಲಾರ. ಇದನ್ನು ಸಣ್ಣ ಗೇರಿನಲ್ಲಿಟ್ಟು, ನಾನು ಹೊಲಿದ ಅಂಗಿಗಳ ಗಂಟು ಕಟ್ಟಿಕೊಂಡು, ಇಂಗಳೇಶ್ವರದ ಹಾದಿಯ ಏರನ್ನು ಕುಳಿತೇ ಹತ್ತುತ್ತಿದ್ದ. ಅವನು ವಿಷಮಜ್ವರದಲ್ಲಿ ಹೋದ ಮೇಲೆ ಇದು ಎರಡನೆಯ ಚಳಿಗಾಲ.

ಅಂದಿನಿಂದ ಸೈಕಲ್ಲು ಪಡಸಾಲೆಯಲ್ಲೇ ನಿಂತಿತ್ತು. ಈಗ ನನ್ನ ಮೊಣಕಾಲುಗಳು ನಡೆಯಲು ಒಲ್ಲೆ ಎನ್ನುತ್ತಿವೆ, ಹೊಲಿದದ್ದನ್ನು ಮುಟ್ಟಿಸದೆ ಗತಿಯಿಲ್ಲ. ಹೊರಗೆ ತೆಗೆದರೆ ಪೆಡಲು ಸುಮ್ಮನೆ ಗರಗರ ತಿರುಗಿತು, ಗಾಲಿ ಅಲುಗಲಿಲ್ಲ. ಸೈಕಲ್ ರಿಪೇರಿಯ ಮಲ್ಲಣ್ಣ ಹಿಂದಿನ ಗಾಲಿಯ ನಡುವಿನ ಗೇರಿನ ಡಬ್ಬಿಯನ್ನು ಚಿಮಣಿ ಎಣ್ಣೆಯಲ್ಲಿ ನೆನೆಸಿಟ್ಟು ಬಿಚ್ಚಿದ. "ನಬಿಸಾಬ್ರ, ಒಳಗೆಲ್ಲಾ ಅಂಟ ಕುಂತೈತ್ರಿ. ಸ್ಪ್ರಿಂಗ್ ಮುರದಾವು, ಇದರ ಸಾಮಾನ ಎಲ್ಲೂ ಸಿಗಂಗಿಲ್ಲ. ಗೇರ ತೆಗದು ಸಾದಾ ಫ್ರೀವೀಲ್ ಹಾಕ್ತೇನಿ" ಎಂದ. "ಹಾಕು. ಆದ್ರ ಹ್ಯಾಂಡಲ್ ಮ್ಯಾಲಿನ ಗೇರಿನ ಕಡ್ಡಿ, ತಂತಿ ಮುಟ್ಟಬ್ಯಾಡ" ಎಂದೆ. ಅವನು ಬೆರಗಾಗಿ ನನ್ನ ಮುಖ ನೋಡಿದ.

ಈಗ ಏರು ಬಂದರೆ ಇಳಿದು ತಳ್ಳುತ್ತೇನೆ. ಎರಡೂ ಕಾಲಿರುವ ನಾನು ತಳ್ಳುತ್ತೇನೆ, ತಮ್ಮಾ. ಅರ್ಧ ಏರಿನಲ್ಲಿ ನಿಂತು ಅಳುತ್ತೇನೆ. ಸಬೂರ್ ಮಾಡು ಎಂದು ಎಲ್ಲರೂ ಹೇಳುತ್ತಾರೆ, ನನ್ನ ಸಬೂರ್ ಮುಗಿದಿದೆ. ಬೆಳಗಾದರೆ ಯಾಕೆ ಏಳಬೇಕು ಅನ್ನಿಸುತ್ತದೆ.

ಮೆಹರಾಜಳಿಗೂ ಮಕ್ಕಳಿಗೂ ನನ್ನ ದುವಾ. ಅವರ ಕೈಕಾಲು ಗಟ್ಟಿಯಿರಲಿ, ನಿನ್ನ ಕಣ್ಣೆದುರೇ ಬೆಳೆಯಲಿ.

ನಿನ್ನ ಅಣ್ಣ
ನಬಿಸಾಬ

ತಾ.ಕ.: ಇದನ್ನು ಯಾರ ಮುಂದೆಯೂ ಓದಬೇಡ. ಆ ಅಂಟು ಕುಸುಬಿ ಎಣ್ಣೆಯದು. ಸುಲ್ತಾನಬಿ ಪ್ರತಿ ಶುಕ್ರವಾರ ಕುಸುಬಿ ಎಣ್ಣೆ ಕಾಸಿ ಇಸಾಕನ ಕಾಲು ತಿಕ್ಕುತ್ತಿದ್ದದ್ದು ನಿನಗೆ ಗೊತ್ತು. ಅವನು ಹೋದ ಮೇಲೂ ಕಾಸುವುದನ್ನು ಬಿಡಲಿಲ್ಲ. ಗೇರಿನ ಡಬ್ಬಿಯ ಎಣ್ಣೆತೂತಿಗೆ ಹನಿಸುತ್ತಿದ್ದಳು. ಇಸಾಕ ಹೊಲಿಗೆ ಮಷೀನಿನ ಎಣ್ಣೆ ಹಾಕುತ್ತಿದ್ದ. "ಆ ಹೊಲಸ ಎಣ್ಣಿ ಯಾಕ? ನನ್ನ ಮಗನ ಸೈಕಲ್ಲಿಗೆ ಮನಿ ಎಣ್ಣಿನ ಹಾಕ್ತೇನಿ" ಅನ್ನುತ್ತಿದ್ದಳು. ಒಣಗಿದರೆ ಅದು ಅಂಟಾಗುತ್ತದೆಂದು ನಮಗೇನು ಗೊತ್ತು? ಮಗನ ಗೇರು ತನ್ನ ಕೈಯಿಂದಲೇ ಕೆಟ್ಟಿತೆಂದು ತಿಳಿದರೆ ಅವಳು ಉಳಿಯುವುದಿಲ್ಲ. ಗೇರು ಇನ್ನೂ ಇದೆಯೆಂದು ಅವಳು ನಂಬಲೆಂದೇ ಆ ಸುಳ್ಳು ಕಡ್ಡಿ. ಹಬ್ಬಕ್ಕೆ ಬಂದಾಗ ಗೇರಿನ ಮಾತು ಎತ್ತಬೇಡ.

ಗೇರು ತೆಗೆಸಿದ ಮೇಲೆ ಶುಕ್ರವಾರಗಳಂದು ನಾನು ಸೈಕಲ್ಲನ್ನು ಹೊರಗೇ ಒಯ್ಯುತ್ತಿದ್ದೆ. ನಿನ್ನೆ ಶುಕ್ರವಾರ ಅದು ಮನೆಯಲ್ಲಿತ್ತು, ಬಟ್ಟಲು ಹಿಡಿದು ಬಂದಳು. ಹಿಂದಿನ ಗಾಲಿಯ ನಡುವೆ ಬೆರಳಾಡಿಸಿ ಬಹಳ ಹೊತ್ತು ತೂತು ಹುಡುಕಿದಳು. ಮಲ್ಲಣ್ಣ ಹಾಕಿದ ಹೊಸದರಲ್ಲಿ ಆ ತೂತು ಇಲ್ಲ.

"ಎಣ್ಣಿ ಕಾಸೇನಿ, ಆರತೈತಿ. ಎಲ್ಲಿ ಹಾಕ್ಲಿ, ಹೇಳ್ರಿ" ಎಂದಳು.