ಹನ್ನೊಂದು ಮನೆಗೆ ಒಂದೇ ಬೀರು

ಬಂದೂಕು ಲೈಸೆನ್ಸಿಗೆ ಸಹಿ ಹಾಕುವ ಮಾನ್ಯರೇ,

ನಮ್ಮ ಮನೆಯಲ್ಲಿ ಬೀರು ಇಲ್ಲ. ನಿಮ್ಮ ಕಡತದಲ್ಲಿ ಇದೆ. ಕಡತದ ಪ್ರಕಾರ ನನ್ನ ಅಪ್ಪನ ಬಂದೂಕು ಗೋಡೆಗೆ ನಾಲ್ಕು ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಬೀರುವಿನೊಳಗೆ, ಎರಡು ಬೀಗಗಳ ಹಿಂದೆ ಭದ್ರವಾಗಿದೆ. ಮನೆಯ ಪ್ರಕಾರ ಅದು ಮಂಚದ ಕೆಳಗೆ ಹಳೇ ಹೊದಿಕೆ ಸುತ್ತಿಕೊಂಡು ಮಲಗಿದೆ. ತೋಟಾಗಳು ದರ್ಜಿ ಕೆಲಸ ಮಾಡುವ ಅಮ್ಮನ ಬಟನ್ ಡಬ್ಬಿಯಲ್ಲಿದ್ದವು. ನೀವು ಕಡತ ನಂಬಿಕೊಂಡು ನಿದ್ದೆ ಮಾಡುತ್ತೀರಿ. ನಾವು ಮಂಚದ ಪಕ್ಕದಲ್ಲಿ ನಿದ್ದೆ ಮಾಡಬೇಕು.

ನಾನು ಕಾನೂನು ಓದಿದವಳಲ್ಲ. ಮುದ್ರಣಾಲಯವೊಂದರಲ್ಲಿ ಕಾಗದ ಮಡಚುವುದು ನನ್ನ ಕೆಲಸ. ಓದಿದ್ದೆಲ್ಲ ಮಡಚುತ್ತ ಓದಿದ್ದು. ಮನೆಯಲ್ಲಿ ಬಂದೂಕನ್ನು ಜೋಪಾನವಾಗಿಡುವ ಬಗ್ಗೆ ನಿಮ್ಮ ಇಲಾಖೆ ಹೊರಡಿಸಿದ ಕರಪತ್ರದ ಮೂರು ಸಾವಿರ ಪ್ರತಿಗಳನ್ನು ಈ ಕೈಗಳೇ ಮಡಚಿವೆ. ಬೀರುವಿನ ತಗಡು ಎಷ್ಟು ದಪ್ಪ ಇರಬೇಕು, ಬೋಲ್ಟ್ ಎಷ್ಟು ಉದ್ದ ಇರಬೇಕು, ಎಲ್ಲ ಬಾಯಿಪಾಠ. ಬರೆದವರಿಗೆ ಒಂದೇ ಒಂದು ಪ್ರಶ್ನೆ ಹೊಳೆಯಲಿಲ್ಲ: ಆ ಗೋಡೆ ಯಾರದು?

ನಮ್ಮ ಬೀದಿಯಲ್ಲಿ, ನಮ್ಮದೂ ಸೇರಿ, ಹನ್ನೊಂದು ಮನೆಯವರು ಗೋದಾಮು ಕಾಯುವವರು. ಸ್ವಂತ ಬಂದೂಕು ಇದ್ದವನಿಗೇ ಕೆಲಸ. ಎಲ್ಲರದೂ ಬಾಡಿಗೆ ಮನೆ. ಒಂದು ಮೊಳೆ ಹೊಡೆದರೂ ಮನೆ ಖಾಲಿ ಮಾಡಿಸುವ ಮಾಲೀಕ, ನಾಲ್ಕು ಬೋಲ್ಟಿಗೆ ಗೋಡೆ ಕೊರೆಯಲು ಬಿಡುತ್ತಾನೆಯೇ? ನಿಮ್ಮ ನಿಯಮ ಪಾಲಿಸಿದರೆ ಮನೆ ಹೋಗುತ್ತದೆ, ಪಾಲಿಸದಿದ್ದರೆ ಕೆಲಸ ಹೋಗುತ್ತದೆ. ಆಗ ಜನ ಏನು ಮಾಡುತ್ತಾರೆ? ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರುವವನು ಸಿಕ್ಕೇ ಸಿಗುತ್ತಾನೆ.

ಬೀದಿ ಕೊನೆಯ ಬೆಸುಗೆ ಅಂಗಡಿಯ ಗ್ರಿಲ್ ಮಾಮ ಕರಪತ್ರದ ಅಳತೆಯಲ್ಲೇ ಒಂದು ಬೀರು ಮಾಡಿಟ್ಟಿದ್ದಾನೆ. ಹನ್ನೊಂದು ಮನೆಗೂ ಅದೊಂದೇ. ಯಾರ ಮನೆಗೆ ತಪಾಸಣೆಯೋ ಅವರ ಮನೆಗೆ ಹಿಂದಿನ ದಿನ ಕೈಗಾಡಿಯಲ್ಲಿ ಸವಾರಿ. ಬೋಲ್ಟುಗಳ ತಲೆ ಮಾತ್ರ ಕತ್ತರಿಸಿ ಅಂಟು ಹಚ್ಚಿ ಮೆತ್ತಿದ್ದಾನೆ. ಅದಕ್ಕೆ ಬೀದಿಯಲ್ಲಿ 'ಅಳಿಯ' ಎಂದೇ ಹೆಸರು. "ಬರೋದು ಒಂದಿನ, ಮಾಡೋ ಕೆಲಸ ಏನಿಲ್ಲ, ಆದ್ರೂ ಮನೆಮಂದಿಯೆಲ್ಲ ಎದ್ದು ನಿಲ್ಲಬೇಕು. ಅಳಿಯ ಅನ್ನದೆ ಇನ್ನೇನಂತ ಕರೀಲಿ?" ಎನ್ನುತ್ತಾನೆ ಮಾಮ. ಅಳಿಯನ ಬಲಬಾಗಿಲಿನಲ್ಲಿ ತೆಂಗಿನಕಾಯಿ ಗಾತ್ರದ ತಗ್ಗಿದೆ. ಹನ್ನೊಂದು ಕಡತಗಳಲ್ಲಿ, ಹನ್ನೊಂದು ಫೋಟೋಗಳಲ್ಲಿ, ಅದೇ ಬಾಗಿಲು, ಅದೇ ತಗ್ಗು. ಬೆರಳಚ್ಚು ನೋಡಿ ಕಳ್ಳನನ್ನು ಹಿಡಿಯುವ ಇಲಾಖೆಗೆ ಇದು ಕಾಣಲಿಲ್ಲ! ಕಳ್ಳ ದಿನಾಂಕ ತಿಳಿಸಿ ಬರುವುದಿಲ್ಲ. ನಿಮ್ಮ ತಪಾಸಣಾಧಿಕಾರಿ ಮಾತ್ರ ವಾರದ ಮುಂಚೆ ಕಾಗದ ಕಳಿಸಿ ಬರುತ್ತಾರೆ.

ಮೂರು ವರ್ಷದ ಹಿಂದೆ ನಮ್ಮ ಮನೆಗೆ ಬಂದಿದ್ದರು. ನಮ್ಮ ನೆಲ ಇಳಿಜಾರು, ಅಳಿಯ ಮುಂದಕ್ಕೆ ವಾಲುತ್ತಿದ್ದ. ಹೀಗಾಗಿ ನಾನು ಪಕ್ಕದ ಪರದೆಯ ಹಿಂದೆ ನಿಂತು ಅವನನ್ನು ಹಿಡಿದುಕೊಂಡಿದ್ದೆ. ಅಧಿಕಾರಿ ಫೋನಿನಲ್ಲಿ ಮಾತಾಡುತ್ತಲೇ ಬಾಗಿಲಲ್ಲಿ ನಿಂತು ಒಂದು ಫೋಟೋ ತೆಗೆದು ಹೊರಟರು. ವರದಿಯಲ್ಲಿ ಬರೆದಿದ್ದು: 'ಅಲುಗಾಡಿಸಿ ನೋಡಲಾಯಿತು, ಅಲುಗಲಿಲ್ಲ.' ಅಲುಗಾಡಿಸಿದ್ದು ಸುಳ್ಳು. ಅಲುಗಲಿಲ್ಲ ಎಂಬುದು ನಿಜ; ನಾನು ಗಟ್ಟಿಯಾಗಿ ಹಿಡಿದಿದ್ದೆ. ಅವತ್ತು ಸಂಜೆ ಮನೆಮಂದಿಯೆಲ್ಲ ನಕ್ಕಿದ್ದೆವು. ನಾನೂ ನಕ್ಕಿದ್ದೆ.

ಈಗ ನಗು ಬರುತ್ತಿಲ್ಲ. ಅಪ್ಪನಿಗೆ ಒಂದು ವರ್ಷದಿಂದ ಮರೆವು. ಮೊದಲು ಕನ್ನಡಕ ಮರೆತರು, ಆಮೇಲೆ ದಾರಿ, ಈಗ ಮುಖ. ಹೋದ ತಿಂಗಳು ಮಧ್ಯಾಹ್ನ ಅಮ್ಮ ಹೊರಗಿನಿಂದ ಬಂದಾಗ ಅಪ್ಪ ಬಂದೂಕು ಗುರಿಯಿಟ್ಟು ನಿಂತಿದ್ದರು. "ಯಾರಮ್ಮ ನೀನು? ಗೋದಾಮಿನ ಗೇಟ್ ದಾಟಿ ಒಳಗೆ ಹೆಂಗೆ ಬಂದೆ?" ಎಂದರು. ಮೂವತ್ತು ವರ್ಷದ ಸಂಸಾರ! ಅಮ್ಮ ಕೂಗಲಿಲ್ಲ. ನಿಂತಲ್ಲೇ ಕುಳಿತು, "ದರ್ಜಿ ಸಾರ್. ನಿಮ್ ಅಂಗಿ ಬಟನ್ ಬಿದ್ದೋಗಿದೆಯಂತೆ, ಹಾಕ್ಕೊಡೋಣಾಂತ ಬಂದೆ" ಎಂದಳು. ಅಪ್ಪ ಎದೆ ಮುಟ್ಟಿ ನೋಡಿಕೊಂಡರು. ಬಂದೂಕು ಗೋಡೆಗೆ ಒರಗಿಸಿ ಅಂಗಿ ಬಿಚ್ಚಿ ಕೊಟ್ಟರು. ಅಮ್ಮ ಬೀಳದ ಬಟನ್ನನ್ನು ಕಿತ್ತು ಮತ್ತೆ ಹೊಲಿದಳು. ನಾನು ಬಂದು ಬಂದೂಕು ಬಿಚ್ಚಿ ನೋಡಿದೆ. ತೋಟಾ ಒಳಗಿತ್ತು.

ಮರುದಿನವೇ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುಗಿಸಿ ಫೋಟೋ ತೋರಿಸಿದರು.

"ನೋಡಮ್ಮ, ಬೀರುವಿದೆ, ಬೀಗವಿದೆ. ಇನ್ನೇನು ತೊಂದರೆ?"

"ಸಾರ್, ಬೀರುನೇ ಇಲ್ಲ. ಬಂದೂಕು ಮಂಚದ ಕೆಳಗಿದೆ, ತೋಟಾ ಬಟನ್ ಡಬ್ಬೀಲಿದೆ."

"ಬೇರೆಬೇರೆ ಇಟ್ಟಿದೀರಲ್ಲ, ನಿಯಮದ ಪ್ರಕಾರನೇ ಆಯ್ತು!"

"ಅಪ್ಪನೇ ಅಮ್ಮನ ಮೇಲೆ ಗುರಿ ಇಟ್ಟಿದಾರೆ. ಬಂದೂಕು ತಗೊಂಡ್ಹೋಗಿ ಸಾರ್."

"ಲೈಸೆನ್ಸ್‌ದಾರರೇ ಬಂದು ಒಪ್ಪಿಸಬೇಕು. ಇಲ್ಲಾಂದ್ರೆ ಸಾಹೇಬರ ವರದಿ ಸುಳ್ಳು ಅಂತ ಬರ್ಕೊಡು. ಬರ್ಕೊಡ್ತೀಯಾ?"

ಅವತ್ತು ಹೆದರಿ ಎದ್ದು ಬಂದೆ. ಒಪ್ಪಿಸೋಣ ಎಂದರೆ ಅಪ್ಪ, ನೆನಪು ತಿಳಿಯಾಗಿರುವ ಗಳಿಗೆಯಲ್ಲೂ, "ಅದು ಹೋದ್ರೆ ನಾನ್ಯಾಕೆ ಇರ್ಬೇಕು?" ಎನ್ನುತ್ತಾರೆ. ನಾನೇ ಹೊತ್ತು ತಂದರೆ ಲೈಸೆನ್ಸಿಲ್ಲದೆ ಬಂದೂಕು ಸಾಗಿಸಿದ ಅಪರಾಧ. ಆ ಅಪರಾಧವನ್ನು ಅರ್ಧ ಮಾಡಿಯೂ ಆಗಿದೆ: ತೋಟಾಗಳೀಗ ನನ್ನ ಊಟದ ಡಬ್ಬಿಯಲ್ಲಿ ದಿನವೂ ಕೆಲಸಕ್ಕೆ ಬರುತ್ತವೆ. ಅಪ್ಪ ಬಟನ್ ಡಬ್ಬಿ ಸುರಿದು ಸುರಿದು ಹುಡುಕುತ್ತಾರೆ. ಮುಖ ಮರೆತವರಿಗೆ ತೋಟಾ ಮಾರುವ ಅಂಗಡಿಯ ದಾರಿ ಮಾತ್ರ ಮರೆತಿಲ್ಲ. ನಿಮ್ಮ ಲೈಸೆನ್ಸ್ ತೋರಿಸಿದರೆ ಅಂಗಡಿಯವನು ಕೊಡಲೇಬೇಕು.

ಇಷ್ಟರಲ್ಲಿ ನಿಮ್ಮ ಕಾಗದ ಬಂತು. ನವೀಕರಣದ ತಪಾಸಣೆ, ಮುಂದಿನ ಗುರುವಾರ ಹನ್ನೊಂದಕ್ಕೆ. ಅಪ್ಪನಿಗೆ ಅಮ್ಮನ ಹೆಸರು ನೆನಪಿದೆಯೇ ಎಂದು ಕೇಳುವ ಒಂದು ಸಾಲು ಅದರಲ್ಲಿಲ್ಲ. ಬೀರುವಿನ ಫೋಟೋಗೆ ಬೆಳಕು ಚೆನ್ನಾಗಿರಲಿ ಎಂಬ ಸೂಚನೆ ಇದೆ. ಬೀಗ ಬಂದೂಕಿಗೆ ಮಾತ್ರ ಸಾಕೇ ಮಾನ್ಯರೇ? ಬೀಗದ ಕೈ ಹಿಡಿದ ಮನುಷ್ಯನನ್ನು ನೋಡುವುದು ಯಾರ ಕೆಲಸ? ಗ್ರಿಲ್ ಮಾಮ ವಾಡಿಕೆಯಂತೆ, "ಬುಧವಾರ ಅಳಿಯನ್ನ ಕಳಿಸ್ಲಾ ಮಗಳೇ?" ಎಂದ. ಬೇಡ ಎಂದೆ. "ಹಂಗಾದ್ರೆ ಉಳಿದ ಹತ್ತು ಮನೆಯವ್ರು ನಿನ್ನನ್ನ ಬಿಡ್ತಾರಾ?" ಎಂದ. ಬಿಡುವುದಿಲ್ಲ, ಗೊತ್ತು. ಅವರ ಹೊಟ್ಟೆಯ ಮೇಲೆ ಹೊಡೆಯಲು ಈ ಪತ್ರ ಬರೆದಿಲ್ಲ. ಗೋದಾಮು ಕಾಯುವ ಬಂದೂಕು ಗೋದಾಮಿನಲ್ಲೇ ಇರಲಿ, ಬೀರುವನ್ನು ಧಣಿಗಳ ಗೋಡೆಗೆ ಬಿಗಿಯಿರಿ. ಆ ಗೋಡೆ ಅವರದೇ, ಬೋಲ್ಟಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಅದನ್ನು ನಿಧಾನವಾಗಿ ಮಾಡಿ, ಸಭೆ ಸೇರಿ ಮಾಡಿ. ನನ್ನ ಬೇಡಿಕೆ ಚಿಕ್ಕದು, ಅವಸರದ್ದು. ಗುರುವಾರದವರೆಗೆ ಕಾಯಬೇಡಿ. ಇವತ್ತೇ, ಹೇಳದೆ ಕೇಳದೆ ಬನ್ನಿ. ಮಂಚದ ಕೆಳಗೆ ಬಗ್ಗಿ, ಬಂದೂಕು ಎತ್ತಿಕೊಂಡು ಹೋಗಿ. ಅಪ್ಪ ಯಾರೆಂದು ಕೇಳಿದರೆ ಅಂಗಿಗೆ ಬಟನ್ ಹಾಕಲು ಬಂದವರೆಂದು ಹೇಳಿ. ಅಷ್ಟು ಸುಳ್ಳು ಹೇಳುವುದು ನಿಮ್ಮ ಇಲಾಖೆಗೆ ಕಷ್ಟವಾಗದು. ಗುಮಾಸ್ತರು ಬರೆದುಕೊಡು ಎಂದಿದ್ದರು. ಬರೆದುಕೊಟ್ಟಿದ್ದೇನೆ. ಸಾಕ್ಷಿ ಬೇಕೆಂದರೆ ಫೋಟೋವನ್ನು ಇನ್ನೊಮ್ಮೆ ನೋಡಿ: ಬೀರುವಿನ ಎಡ ಅಂಚಿನಲ್ಲಿ, ಪರದೆಯ ಪಕ್ಕ, ಬೀರುವಿಗೆ ಸೇರದ ಒಂದು ವಸ್ತು ಇದೆ. ಈ ಸಲ ಅದು ಅಲ್ಲಿರುವುದಿಲ್ಲ.

ಇಂತಿ,
ಮೂರು ವರ್ಷ ನಿಮ್ಮ ಸುಳ್ಳನ್ನು ಬೀಳದಂತೆ ಹಿಡಿದಿದ್ದ
ಆ ಫೋಟೋದ ನಾಲ್ಕು ಬೆರಳುಗಳ ಒಡತಿ